ಶಾಲೆ ದೂರವಾದರೆ ಯಾರಿಗೆ ದೂರ?



ಬೇಸಿಗೆ ರಜೆ ಮುಗಿಯುತ್ತ ಬಂತೆಂದರೆ ಗೃಹಿಣಿಗೆ ಕೆಲಸ ಒಂದೇ ಎರಡೇ? ಒಣಗಿದ ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬಬೇಕು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಬೇಕು, ಅಜ್ಜಿ ಮನೆಯಿಂದ ಬಂದ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆಯಬೇಕು, ಹೊಸ ಪುಸ್ತಕಗಳಿಗೆ ಬೈಂಡು ಹಾಕಬೇಕು. ಇಷ್ಟೂ ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ಹಳ್ಳಿಗಾಡಿನ ತಾಯಂದಿರಿಗೆ ಇನ್ನೊಂದು ಚಿಂತೆ ಸೇರಿಕೊಂಡಿದೆ: "ನಮ್ಮೂರ ಇಸ್ಕೂಲು ಈ ವರ್ಷ ಇರುತ್ತೋ, ಮುಚ್ಚಿಬಿಡ್ತಾರೋ?"

ಪತ್ರಿಕೆಗಳಲ್ಲಿ ಇದಕ್ಕೆ 'ಶಾಲಾ ವಿಲೀನ' ಎಂದು ಹೆಸರು. ಮಕ್ಕಳು ಕಡಿಮೆ ಇರುವ ಸಣ್ಣ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವುದು ಎಂದರ್ಥ. ಕೇಳಲು ಸರಳವಾಗಿದೆ. ಆದರೆ ಆ ಊರಿನ ತಾಯಿಗೆ ಅದರ ಅರ್ಥ ಬೇರೆಯೇ. ಮನೆಯ ಹಿತ್ತಲಿನಿಂದ ಕೂಗಿದರೆ ಕೇಳಿಸುತ್ತಿದ್ದ ಶಾಲೆಯ ಗಂಟೆ ಇನ್ನು ಕೇಳಿಸುವುದಿಲ್ಲ.

"ನಮ್ಮ ಮಕ್ಕಳು ಟೌನಿನ ಶಾಲೆಯಲ್ಲಿ ಓದುತ್ತಾರೆ, ನಮಗೇನು?" ಅಂತೀರಾ? ಸ್ವಲ್ಪ ತಾಳಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ಊರುಗಳಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ತವರು ಹಳ್ಳಿಯಲ್ಲಿಲ್ಲ? ನಿಮ್ಮ ಮನೆಗೆ ಹಾಲು ತರುವವಳ ಮಗು, ಸೊಪ್ಪು ಮಾರಲು ಬರುವಾಕೆಯ ಮಗು, ಊರಲ್ಲಿ ಹೊಲ ನೋಡಿಕೊಂಡಿರುವ ನಿಮ್ಮ ನಾದಿನಿಯ ಮಗು ಎಲ್ಲಿ ಓದುತ್ತಿದೆ ಎಂದು ಒಮ್ಮೆ ಕೇಳಿ ನೋಡಿ. ಆಮೇಲೆ ಇದು ನಮ್ಮ ಮಾತೇ ಅನ್ನಿಸುತ್ತದೆ.

ಮೊದಲು ನಡೆದದ್ದೇನು ಎಂದು ತಿಳಿಯೋಣ. 2018ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು, ಒಂದು ಕಿಲೋಮೀಟರ್ ವ್ಯಾಪ್ತಿಯೊಳಗಿರುವ 28,847 ಸರ್ಕಾರಿ ಶಾಲೆಗಳನ್ನು 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಯೋಜನೆ ಮುಂದಿಟ್ಟರು. ಸಾಹಿತಿಗಳು, ಕನ್ನಡಪರ ಸಂಘಟನೆಗಳು ಎದ್ದು ನಿಂತರು. ಹೇಳಿದ ಪ್ರಮಾಣದಲ್ಲಿ ಅದು ನಡೆಯಲಿಲ್ಲ. ಅದೇ ಕಾಲಕ್ಕೆ 'ಕರ್ನಾಟಕ ಪಬ್ಲಿಕ್ ಶಾಲೆ' ಎಂಬ ಹೊಸ ಹೆಸರು ಕೇಳಿಬಂತು. ಎಲ್.ಕೆ.ಜಿ.ಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ಒಂದೇ ಆವರಣದಲ್ಲಿ ಓದುವ ಶಾಲೆ ಅದು. 2025-26ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ ಇನ್ನೂ 500 ಶಾಲೆಗಳನ್ನು ಮಾಡುವುದಾಗಿ ಪ್ರಕಟಿಸಿದರು. ಅವುಗಳಿಗೆ 'ಮ್ಯಾಗ್ನೆಟ್ ಶಾಲೆ' ಎಂಬ ಹೆಸರೂ ಬಂತು. ಮ್ಯಾಗ್ನೆಟ್ ಎಂದರೆ ಅಯಸ್ಕಾಂತ. ಸುತ್ತಲಿನ ಮಕ್ಕಳನ್ನೆಲ್ಲ ಸೆಳೆಯುವ ಶಾಲೆ ಎಂದು ಭಾವ.

ಸೆಳೆದರೆ, ಸೆಳೆಸಿಕೊಂಡ ಕಡೆ ಏನು ಉಳಿಯುತ್ತದೆ? ಈ ಪ್ರಶ್ನೆ ಎದ್ದದ್ದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಆಗುವವರೆಗೆ ಚನ್ನಪಟ್ಟಣವೂ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯದೇ ತಾಲ್ಲೂಕಾಗಿತ್ತು, ಹೊರಗಿನ ಊರೇನಲ್ಲ. ಅಲ್ಲಿನ ಕರ್ನಾಟಕ ಪಬ್ಲಿಕ್ ಶಾಲೆಗೆ ಸುತ್ತಲ ಹಲವು ಸಣ್ಣ ಶಾಲೆಗಳನ್ನು ಸೇರಿಸುವ ಆದೇಶ 2025ರಲ್ಲಿ ಬಂದಾಗ ಪಾಲಕರೂ ವಿದ್ಯಾರ್ಥಿ ಸಂಘಟನೆಗಳೂ ವಿರೋಧಿಸಿದರು. ಯಾವ ಕನ್ನಡ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಹೇಳಿದರು. ಆದರೂ ತಾಯಂದಿರ ಮನಸ್ಸಿನ ಅಳುಕು ಹೋಗಿಲ್ಲ. ಹೋಗುವುದಾದರೂ ಹೇಗೆ? ಮುಚ್ಚುವುದಿಲ್ಲ ಎನ್ನುವುದು ಒಂದು ಮಾತು, ಮಕ್ಕಳೇ ಇಲ್ಲದೆ ತಾನಾಗಿ ಮುಚ್ಚಿಹೋಯಿತು ಎನ್ನುವುದು ಇನ್ನೊಂದು ಮಾತು.

ಹಾಗೆಂದು ದೊಡ್ಡ ಶಾಲೆ ಕೆಟ್ಟದ್ದೇ? ಖಂಡಿತ ಅಲ್ಲ. ನ್ಯಾಯವಾಗಿ ಮಾತಾಡಬೇಕು. ಐದು ತರಗತಿ, ಎಂಟು ಮಕ್ಕಳು, ಒಬ್ಬರೇ ಮೇಷ್ಟ್ರು. ಅವರು ಮೀಟಿಂಗಿಗೆ ಹೋದ ದಿನ ಶಾಲೆಗೆ ರಜೆ. ಹೀಗಿರುವ ಕಡೆ ಮಗು ಏನು ಕಲಿತೀತು? ಕಬಡ್ಡಿ ಆಡಲು ಎರಡು ತಂಡ ಆಗುವಷ್ಟು ಮಕ್ಕಳಿಲ್ಲ, ಹೆಣ್ಣುಮಕ್ಕಳಿಗೆ ನೆಟ್ಟಗೊಂದು ಶೌಚಾಲಯವಿಲ್ಲ, ಪುಸ್ತಕದ ಬೀರು ಇದ್ದರೂ ಬೀಗ ತೆಗೆಯುವವರಿಲ್ಲ. ತರಗತಿಗೊಬ್ಬರು ಉಪಾಧ್ಯಾಯರು, ಆಟದ ಬಯಲು, ಓರಗೆಯ ಸ್ನೇಹಿತರು ಸಿಗುವ ಶಾಲೆಗೆ ಮಗು ಹೋಗಲಿ ಎಂದು ಯಾವ ತಾಯಿಗೆ ಆಸೆ ಇರುವುದಿಲ್ಲ ಹೇಳಿ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಕಷ್ಟವನ್ನು ಬರೆದಿದೆ. 2016-17ರಲ್ಲಿ ದೇಶದಲ್ಲಿ ಒಬ್ಬರೇ ಶಿಕ್ಷಕರಿದ್ದ ಶಾಲೆಗಳು 1,08,017 ಇದ್ದವಂತೆ.

ಆದರೆ ಒಂದು ವಿಷಯ ಗಮನಿಸಿ. ಒಬ್ಬರೇ ಮೇಷ್ಟ್ರು ಇರುವುದು ಊರಿನ ತಪ್ಪಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಅರವತ್ತು ಮಕ್ಕಳಿದ್ದರೂ ಇಬ್ಬರು, ಹನ್ನೆರಡು ಮಕ್ಕಳಿದ್ದರೂ ಇಬ್ಬರು. ಮೊದಲು ಶಿಕ್ಷಕರನ್ನು ಕೊಡದೆ, ಆಮೇಲೆ "ಈ ಶಾಲೆ ಚೆನ್ನಾಗಿಲ್ಲ, ಮಕ್ಕಳು ಬರುತ್ತಿಲ್ಲ" ಎಂದರೆ, ಒಲೆಗೆ ಸೌದೆ ಕೊಡದೆ ಅನ್ನ ಬೆಂದಿಲ್ಲವೆಂದು ಸೊಸೆಯನ್ನು ಬೈದ ಹಾಗಾಯಿತು.

ಈಗ ದೂರದ ವಿಚಾರಕ್ಕೆ ಬರೋಣ.

ದೊಡ್ಡಬಳ್ಳಾಪುರದ ಬಳಿಯ ಒಂದು ಹಳ್ಳಿ ಎಂದುಕೊಳ್ಳಿ. ಮನೆಯ ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಬಾಶೆಟ್ಟಿಹಳ್ಳಿ ಕಡೆಗೆ ಹೋಗುವ ಫ್ಯಾಕ್ಟರಿ ವ್ಯಾನು ಬೆಳಿಗ್ಗೆಯೇ ಬಂದು ಹಾರನ್ ಹೊಡೆಯುತ್ತದೆ. ಗಂಡ ಅದಕ್ಕೂ ಮುಂಚೆ ಕೆಲಸಕ್ಕೆ ಹೊರಟಿರುತ್ತಾನೆ. ಮನೆಯಲ್ಲಿ ಉಳಿಯುವವರು ಅತ್ತೆ, ಎರಡು ಹಸು, ಎರಡನೇ ತರಗತಿಯ ಮಗಳು, ಆರನೇ ತರಗತಿಯ ದೊಡ್ಡ ಮಗಳು. ಶಾಲೆ ಊರಲ್ಲೇ ಇದ್ದಾಗ ಚಿಕ್ಕವಳು ತಾನೇ ಬ್ಯಾಗು ಹೆಗಲಿಗೇರಿಸಿ ಓಡುತ್ತಿದ್ದಳು. ಶಾಲೆ ಮೂರು ಕಿಲೋಮೀಟರ್ ಆಚೆಗೆ ಹೋಯಿತೆನ್ನಿ.

"ಅತ್ತೆ, ಇವಳನ್ನ ನೀವೇ ಬಿಟ್ಟು ಬನ್ನಿ ಅತ್ತೆ."

"ಅಲ್ಲಿಗಂಟ ನಡೆಯೋಕೆ ನನ್ನ ಮಂಡಿ ಕೇಳ್ತದೇನವ್ವ? ಹಸ ಕಟ್ಟೋರ್ಯಾರು, ಡೈರಿಗೆ ಹಾಲು ಹಾಕೋರ್ಯಾರು?"

ಇಬ್ಬರ ಮಾತೂ ನಿಜವೇ. ಕೊನೆಗೆ ಭಾರ ಬೀಳುವುದು ದೊಡ್ಡ ಹುಡುಗಿಯ ಮೇಲೆ. ತಂಗಿಯನ್ನು ಒಂದು ಕಡೆ ಬಿಟ್ಟು, ತನ್ನ ಶಾಲೆಗೆ ಇನ್ನೊಂದು ಕಡೆ ಓಡಬೇಕು. ವಾರಕ್ಕೆರಡು ದಿನ ತಡವಾಗುತ್ತದೆ, ಬೈಗುಳ ತಿನ್ನುತ್ತಾಳೆ. ಚಿಕ್ಕವಳಿಗೆ ಜ್ವರ ಬಂದರೆ ಇವಳಿಗೂ ರಜೆ. ಮಳೆಗಾಲ ಮುಗಿಯುವ ಹೊತ್ತಿಗೆ, "ಹೋಗ್ಲಿ ಬಿಡವ್ವ, ಮನೇಲಿರು, ಮುಂದಿನ ವರ್ಷ ನೋಡೋಣ" ಎನ್ನುವ ಮಾತು ಮನೆಯಲ್ಲಿ ಹುಟ್ಟಿಕೊಳ್ಳುತ್ತದೆ. ಸಣ್ಣವಳ ಶಾಲೆ ಮುಚ್ಚಿದ್ದಕ್ಕೆ ಓದು ನಿಂತದ್ದು ದೊಡ್ಡವಳದು! ವಿಲೀನದ ಲೆಕ್ಕಪತ್ರದಲ್ಲಿ ಈ ಹುಡುಗಿ ಎಲ್ಲಿಯೂ ಬರುವುದಿಲ್ಲ. ತಾಯಂದಿರು ನಾವು ಇವಳನ್ನು ಎಣಿಸದಿದ್ದರೆ ಯಾರೂ ಎಣಿಸುವುದಿಲ್ಲ.

ಇದು ಗಾರ್ಮೆಂಟ್ಸ್ ಹೆಂಗಸಿನ ಮನೆಯ ಕಥೆ ಮಾತ್ರವಲ್ಲ. ಹೊಸಕೋಟೆ ಕಡೆ ನಸುಕಿನಲ್ಲೇ ತರಕಾರಿ ಕೀಳಲು ಹೋಗುವವರು, ದೇವನಹಳ್ಳಿ ಕಡೆ ದ್ರಾಕ್ಷಿ ತೋಟಕ್ಕೆ, ಹೂವಿನ ತೋಟಕ್ಕೆ ಕೂಲಿ ಹೋಗುವವರು, ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ ದುಡಿಯುವವರು, ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವವರು, ಎಲ್ಲರ ಮನೆಯಲ್ಲೂ ಬೆಳಗಿನ ಎರಡು ಗಂಟೆ ಹೀಗೇ ಬಿಗಿ. ಸ್ಕೂಟರ್ ಇರುವ ಮನೆಗೆ ಮೂರು ಕಿಲೋಮೀಟರ್ ಏನೂ ಅಲ್ಲ. ಇಲ್ಲದ ಮನೆಗೆ ಅದೇ ಒಂದು ದಿನದ ಕೂಲಿ.

ಇನ್ನು ನಮ್ಮ ಕಡೆಯ ರಸ್ತೆಗಳನ್ನು ನೀವೇ ನೋಡಿದ್ದೀರಿ. ನೆಲಮಂಗಲದ ಮೇಲೆ ಹೋಗುವ ತುಮಕೂರು ಹೆದ್ದಾರಿ, ಹೊಸಕೋಟೆಯ ಮೇಲೆ ಹೋಗುವ ಕೋಲಾರದ ಹೆದ್ದಾರಿ, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಗೆ ಬೆಳೆದ ರಸ್ತೆ, ಈಗ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿಕೊಂಡು ಹೊಸಕೋಟೆ ಮುಟ್ಟುವ ಸ್ಯಾಟಲೈಟ್ ರಿಂಗ್ ರೋಡ್. ರಸ್ತೆ ಬೇಡ ಎನ್ನುವುದಿಲ್ಲ. ಆದರೆ ಎದುರಿಗೇ ಕಾಣುವ ಊರಿಗೆ ಹೋಗಲು ಈಗ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಹೋಗಬೇಕು. ನಕಾಶೆಯ ಮೇಲೆ ಗೆರೆ ಎಳೆದರೆ ಶಾಲೆ ಒಂದು ಕಿಲೋಮೀಟರ್; ಮಗುವಿನ ಕಾಲಲ್ಲಿ ಅಳೆದರೆ ಎರಡು. ಅಡಿಗೆಮನೆಯಲ್ಲಿ ಅಕ್ಕಿಯನ್ನು ಒಂದು ಪಾವಿನಲ್ಲಿ, ನೀರನ್ನು ಇನ್ನೊಂದು ಪಾವಿನಲ್ಲಿ ಅಳೆದರೆ ಅನ್ನ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕೇ? ಶಾಲೆಯ ದೂರವನ್ನು ಅಳೆಯುವ ಪಾವು ಒಂದೇ, ಅದು ಆರು ವರ್ಷದ ಮಗುವಿನ ನಡಿಗೆ.

ಕಾಯಿದೆಯೂ ಈ ಮಾತನ್ನು ಒಪ್ಪುತ್ತದೆ. ಒಂದರಿಂದ ಐದನೇ ತರಗತಿ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಯವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುವುದು ನಿಯಮ. ಕಾಯಿದೆಗೆ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳಲ್ಲಿ ಇನ್ನೂ ಒಂದು ಮಾತಿದೆ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯವಿದ್ದರೆ, ಆ ದೂರವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕು. ಶಾಲೆಯೇ ಇಲ್ಲದ ಸಣ್ಣ ಹಟ್ಟಿ, ಪಾಳ್ಯಗಳ ಮಕ್ಕಳಿಗೆ ಉಚಿತ ವಾಹನದಂಥ ಏರ್ಪಾಟು ಮಾಡಬೇಕು ಎಂದೂ ಇದೆ.

ದೂರದ ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. 2025ರಲ್ಲಿ ಉತ್ತರ ಪ್ರದೇಶ ಸರ್ಕಾರ 50ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗಳಿಗೆ ಜೋಡಿಸಲು ಹೊರಟಿತು. ಸೀತಾಪುರ ಜಿಲ್ಲೆಯ ಶಾಲಾಮಕ್ಕಳ ಹೆಸರಿನಲ್ಲಿ ಅಲಹಾಬಾದ್ ಹೈಕೋರ್ಟಿಗೆ ಅರ್ಜಿ ಹೋಯಿತು. ಜುಲೈ 7ರಂದು ಏಕಸದಸ್ಯ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಪಾಲಕರು ಬಿಡಲಿಲ್ಲ. ಮೇಲ್ಮನವಿ ಕೇಳಿದ ವಿಭಾಗೀಯ ಪೀಠ ಜುಲೈ 24ರಂದು, ಸೀತಾಪುರದ ಶಾಲೆಗಳು ಸದ್ಯಕ್ಕೆ ಇದ್ದ ಹಾಗೇ ಇರಲಿ ಎಂದಿತು. ಆ ತಿಂಗಳು ಮುಗಿಯುವ ಹೊತ್ತಿಗೆ ಸರ್ಕಾರವೇ, ಒಂದು ಕಿಲೋಮೀಟರಿಗಿಂತ ಆಚೆಯ ಶಾಲೆಗೆ ಜೋಡಿಸುವುದಿಲ್ಲ, 50ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯನ್ನು ಮುಟ್ಟುವುದಿಲ್ಲ ಎಂದು ಹೇಳಿತು. ಬಾಯಿ ಬಿಟ್ಟು ಕೇಳಿದ್ದರಿಂದ ಅಷ್ಟಾದರೂ ಆಯಿತು.

ಹಾಗಾದರೆ ನಾವು ಕೇಳಬೇಕಾದದ್ದೇನು? "ಯಾವ ಶಾಲೆಯನ್ನೂ ಅಲುಗಿಸಬೇಡಿ" ಎಂದೇ? ನನ್ನ ಅಭಿಪ್ರಾಯ ಹೀಗಿದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಊರಿನಲ್ಲೇ ಓದಲಿ. ನಾಲ್ಕನೆಯದಕ್ಕೆ ಬಂದ ಮೇಲೆ, ದಾರಿ ಸುರಕ್ಷಿತವಾಗಿದ್ದು, ಹೋಗಿ ಬರಲು ವಾಹನವಿದ್ದು, ಅಲ್ಲಿ ನಿಜವಾಗಿಯೂ ಒಳ್ಳೆಯ ಶಾಲೆಯಿದ್ದರೆ, ಪಾಲಕರು ಒಪ್ಪಿದರೆ, ಹೋಗಲಿ.

ಯಾಕೆ ಮೂರನೇ ತರಗತಿ ಅಂತೀರಾ? ನಮ್ಮ ಸರ್ಕಾರಿ ಶಾಲೆಗಳ 'ನಲಿ-ಕಲಿ'ಯನ್ನು ನೆನೆಸಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಸಣ್ಣ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಇದನ್ನು ಶುರು ಮಾಡಿದರು. ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಪಾಠ ಒಪ್ಪಿಸಿಕೊಳ್ಳುವ ಪದ್ಧತಿ ಅದಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತು, ಕಾರ್ಡುಗಳನ್ನು ಹಿಡಿದು, ಹಾಡಿ, ಆಡಿ, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ಮುಂದಿರುವ ಮಗು ಹಿಂದಿರುವ ಮಗುವಿಗೆ ಹೇಳಿಕೊಡುತ್ತದೆ. ನಮ್ಮ ತುಂಬಿದ ಮನೆಗಳಲ್ಲಿ ಅಕ್ಕ ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಿರಲಿಲ್ಲವೇ, ಹಾಗೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು. ಮರುವರ್ಷ ಮೂರನೆಯದಕ್ಕೂ ಬಂತು. ಅಂದರೆ ಮಕ್ಕಳು ಕಡಿಮೆ, ತರಗತಿಗಳು ಬೆರಕೆ ಎನ್ನುವ ಶಾಲೆಗಾಗಿಯೇ ಒಂದು ವಿಧಾನವನ್ನು ನಾವೇ ಕಟ್ಟಿಕೊಂಡಿದ್ದೇವೆ. ಹೀಗಿರುವಾಗ ಮೂರನೇ ತರಗತಿವರೆಗೆ "ಮಕ್ಕಳು ಕಡಿಮೆ, ಕಲಿಸಲಾಗದು" ಎನ್ನುವ ಕಾರಣ ನಿಲ್ಲುವುದಿಲ್ಲ. ಇಬ್ಬರು ಒಳ್ಳೆಯ ಶಿಕ್ಷಕಿಯರನ್ನು ಕೊಟ್ಟರೆ ಹದಿನೈದು ಮಕ್ಕಳ ಊರಶಾಲೆ ಚೆನ್ನಾಗಿಯೇ ನಡೆಯುತ್ತದೆ.

ಇದಲ್ಲದೆ ಬಿಸಿಯೂಟ ಬೇಯಿಸುವ ಹೆಂಗಸರೂ ನಮ್ಮ ನೆನಪಿನಲ್ಲಿರಬೇಕು. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಊರಿನ ಬಡ ಹೆಂಗಸರಿಗೆ ಅದೊಂದು ಆಸರೆ. ಶಾಲೆಗೆ ಬೀಗ ಬಿದ್ದ ದಿನ ಆ ಒಲೆಯೂ ಆರುತ್ತದೆ.

ಸರಿ, ನಿಮ್ಮ ಊರಿಗೆ, ಅಥವಾ ನಿಮ್ಮ ತವರಿಗೆ ಇಂಥ ಸುದ್ದಿ ಬಂದರೆ ಏನು ಮಾಡಬೇಕು? ಬರೀ ಗಾಬರಿಯಿಂದ, ಕೂಗಾಟದಿಂದ ಕೆಲಸ ಕೆಡುತ್ತದೆ. ಅಡಿಗೆಗೆ ಮುಂಚೆ ಸಾಮಾನು ಜೋಡಿಸಿಕೊಳ್ಳುವ ಹಾಗೆ ಕೆಲವು ಸಂಗತಿಗಳನ್ನು ಜೋಡಿಸಿಕೊಳ್ಳಿ.

ಮೊದಲನೆಯದು, ಆದೇಶದ ಪ್ರತಿ ಕೇಳಿ. "ಯಾರೋ ಅಂದರು" ಎಂಬ ಮಾತಿಗೆ ಬೆಲೆಯಿಲ್ಲ. ಯಾವ ಶಾಲೆ, ಯಾವ ಶಾಲೆಗೆ, ಯಾವ ತರಗತಿಗಳು, ಯಾವಾಗಿನಿಂದ, ವಾಹನ ಉಂಟೋ ಇಲ್ಲವೋ, ಇವು ಬರವಣಿಗೆಯಲ್ಲಿ ಇರಬೇಕು. ಮುಖ್ಯೋಪಾಧ್ಯಾಯರಲ್ಲಿ ಇಲ್ಲದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಬಹುದು.

ಎರಡನೆಯದು, ದಾರಿಯನ್ನು ನಡೆದು ನೋಡಿ. ಮಧ್ಯಾಹ್ನ ಬಿಡುವಾದಾಗ ನಡೆದರೆ ಪ್ರಯೋಜನವಿಲ್ಲ. ಶಾಲೆಯ ಹೊತ್ತಿಗೆ, ಮಗುವಿನ ಕೈ ಹಿಡಿದು, ಅದರ ಬೆನ್ನಿಗೆ ಪುಸ್ತಕದ ಚೀಲ ಹಾಕಿ ನಡೆಯಿರಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ದೊಡ್ಡ ರಸ್ತೆ ದಾಟಬೇಕಾಯಿತು, ನಾಯಿಗಳ ಕಾಟ ಎಲ್ಲಿ, ಕೆರೆ ಕೋಡಿ ಬಿದ್ದರೆ ನೀರು ಹರಿಯುವುದೆಲ್ಲಿ, ಮನೆಗಳೇ ಇಲ್ಲದ ನಿರ್ಜನ ಜಾಗ ಎಷ್ಟು ದೂರ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕು ಜನ ತಾಯಂದಿರು ಸಹಿ ಮಾಡಿ. ಈ ಹಾಳೆಗಿರುವ ತೂಕ ನೂರು ಘೋಷಣೆಗಳಿಗಿಲ್ಲ.

ಮೂರನೆಯದು, ಊರಿನ ಮಕ್ಕಳನ್ನು ಎಣಿಸಿ. ಶಾಲೆಯ ಹಾಜರಿ ಪುಸ್ತಕ ಒಂದನ್ನೇ ನಂಬಬೇಡಿ. ಅಂಗನವಾಡಿಯಲ್ಲಿ ಮೂರು, ನಾಲ್ಕು, ಐದು ವರ್ಷದವರು ಎಷ್ಟಿದ್ದಾರೆ? ಮುಂದಿನ ಮೂರು ವರ್ಷ ಒಂದನೇ ತರಗತಿಗೆ ಬರುವವರು ಅವರೇ. ಇಟ್ಟಿಗೆ ಗೂಡಿನಲ್ಲಿ, ಕೋಳಿ ಫಾರಂಗಳಲ್ಲಿ ದುಡಿಯಲು ಬೇರೆ ಜಿಲ್ಲೆಯಿಂದ ಬಂದವರ ಮಕ್ಕಳೆಷ್ಟು? ಅವರಿಗೂ ಶಾಲೆ ಬೇಕು. ಈ ವರ್ಷ ಒಂಬತ್ತು ಮಕ್ಕಳಿರುವ ಶಾಲೆಗೆ ಎರಡು ವರ್ಷದಲ್ಲಿ ಇಪ್ಪತ್ತು ಮಕ್ಕಳು ಬರುವುದೂ ಉಂಟು.

ನಾಲ್ಕನೆಯದು, ಸಭೆಗೆ ಹೋಗಿ. ನಮ್ಮ ರಾಜ್ಯದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಎಸ್.ಡಿ.ಎಂ.ಸಿ. ಅಂತ ಎಲ್ಲರೂ ಹೇಳುವುದು ಇದನ್ನೇ. ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅರ್ಧ ಅಂದರೆ ಹೆಸರಿಗೆ ಅರ್ಧ, ಕುರ್ಚಿಯ ಮೇಲೆ ಗಂಡ ಅನ್ನುವ ಹಾಗಾಗಬಾರದು. "ಅವರೇ ಹೋಗಿ ಬರ್ತಾರೆ, ನನಗೇನು ಗೊತ್ತಾಗುತ್ತೆ" ಅನ್ನಬೇಡಿ. ಮಗುವನ್ನು ಎಬ್ಬಿಸಿ, ತಲೆ ಬಾಚಿ, ಕಳಿಸಿ, ಸಂಜೆ ದಾರಿ ಕಾಯುವವರು ನೀವು. ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ನಡಾವಳಿ ಪುಸ್ತಕವನ್ನು ಓದಿಸಿಕೊಂಡ ಮೇಲೆಯೇ ಸಹಿ ಹಾಕಿ. ಖಾಲಿ ಹಾಳೆಗೆ, ಮಧ್ಯೆ ಜಾಗ ಬಿಟ್ಟ ಹಾಳೆಗೆ ಸಹಿ ಬೇಡವೇ ಬೇಡ.

ಐದನೆಯದು, ಅರ್ಜಿ ಬರೆಯಿರಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು, ಗ್ರಾಮ ಪಂಚಾಯಿತಿಗೆ ಒಂದು. ನಡೆದು ಬರೆದ ಹಾಳೆ, ಮಕ್ಕಳ ಪಟ್ಟಿ ಎರಡನ್ನೂ ಜೊತೆಗೆ ಲಗತ್ತಿಸಿ. ಕೊಟ್ಟಿದ್ದಕ್ಕೆ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಮನೆಯಲ್ಲಿ ಭದ್ರವಾಗಿಡಿ. ಈ ಕಾಯಿದೆಯಡಿ ಬಂದ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಗ್ರಾಮಸಭೆಯಲ್ಲೂ ವಿಷಯ ಎತ್ತಿ. ಅಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಶಾಲೆಯ ಮಾತೂ ಬರಲಿ.

ಒಂದು ವೇಳೆ ವಿಲೀನ ಆಗಿಯೇ ಹೋಯಿತೆನ್ನಿ. ಆಗಲೂ ಕೈಕಟ್ಟಿ ಕೂರಬೇಡಿ. ವಾಹನ ಎಲ್ಲಿಂದ, ಎಷ್ಟು ಹೊತ್ತಿಗೆ, ಚಾಲಕ ಯಾರು, ಜೊತೆಗೆ ಆಯಾ ಇರುತ್ತಾಳೆಯೇ, ವಾಹನ ಕೆಟ್ಟ ದಿನ ಯಾರು ಹೊಣೆ ಎಂದು ಕೇಳಿ ಬರೆಸಿಕೊಳ್ಳಿ. ಬಿಟ್ಟ ಶಾಲೆಯಿಂದ ಹೊಸ ಶಾಲೆಗೆ ಎಷ್ಟು ಮಕ್ಕಳು ನಿಜವಾಗಿ ಸೇರಿದರು ಎಂದು ಒಂದು ತಿಂಗಳ ನಂತರ ಮನೆ ಮನೆಗೆ ಹೋಗಿ ನೋಡಿ. ವರ್ಗಾವಣೆ ಪತ್ರ ತೆಗೆದುಕೊಂಡವರೆಲ್ಲ ಶಾಲೆ ಮುಟ್ಟಿದರು ಎಂದಲ್ಲ. ದಾರಿಯಲ್ಲಿ ಕಳೆದುಹೋಗುವವರು ಹೆಚ್ಚಾಗಿ ಬಡವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು.

ಇಷ್ಟೆಲ್ಲ ಸರ್ಕಾರಕ್ಕೆ ಹೇಳಿದ ಮೇಲೆ ನಮ್ಮ ನಮ್ಮಲ್ಲೂ ಒಂದು ಮಾತು ಆಡಿಕೊಳ್ಳಬೇಕು. ಬೇಸರ ಪಡಬೇಡಿ. ಊರಶಾಲೆ ಮುಚ್ಚಬಾರದೆಂದು ಸಹಿ ಹಾಕುವ ಕೈಯೇ ಬೆಳಿಗ್ಗೆ ಮಗುವನ್ನು ಹಳದಿ ವ್ಯಾನಿಗೆ ಹತ್ತಿಸುತ್ತಿದ್ದರೆ ಆ ಸಹಿಗೆ ಬಲ ಎಲ್ಲಿಂದ ಬರಬೇಕು? ಇಂಗ್ಲಿಷ್ ಬೇಕೆಂಬ ಆಸೆ ತಪ್ಪಲ್ಲ. ಆ ಆಸೆಯನ್ನು ಕಂಡೇ ಸರ್ಕಾರ 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಆದರೆ ಪಕ್ಕದ ಮನೆಯ ಮಗು ಟೈ ಕಟ್ಟಿಕೊಂಡು ವ್ಯಾನ್ ಹತ್ತುತ್ತದೆ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಫೀಸು ಕಟ್ಟುವ ಮುಂಚೆ, ಊರಶಾಲೆಯ ಒಳಗೆ ಹೋಗಿ ಒಂದು ಗಂಟೆ ಕುಳಿತು ನೋಡಿದ್ದೀರಾ? ಮೇಡಂ ಹೇಗೆ ಕಲಿಸುತ್ತಾರೆ, ಮಗು ಕಾಗದ ನೋಡಿ ಓದುತ್ತದೆಯೋ ಬಾಯಿಪಾಠ ಒಪ್ಪಿಸುತ್ತದೆಯೋ ಎಂದು ನೋಡಿ, ಆಮೇಲೆ ತೀರ್ಮಾನ ಮಾಡಿ. ಕಳಿಸಲೇಬೇಕೆಂದು ಯಾರೂ ಬಲವಂತ ಮಾಡಲಾರರು. ಆದರೆ ಜೂನ್ ತಿಂಗಳಲ್ಲಿ ಒಂದು ಊರಿನ ಐದು ತಾಯಂದಿರು ಕೂಡಿ, "ಮೂರನೇ ಕ್ಲಾಸುವರೆಗೆ ಇಲ್ಲೇ ಇರಲಿ" ಎಂದು ತೀರ್ಮಾನಿಸಿದರೆ, ಆ ಶಾಲೆಯ ಹೆಸರು ಮುಚ್ಚುವ ಪಟ್ಟಿಗೆ ಸೇರುವುದು ಕಷ್ಟ. ಕೊನೆಯ ಪಕ್ಷ ಶಿಕ್ಷಕರನ್ನು ಕೊಡಿ ಎಂದು ಕೇಳಲು ಬಾಯಿ ಬರುತ್ತದೆ.

ಮಗುವಿಗೆ ಶಾಲೆ ಎಂದರೆ ಬರೀ ಅಕ್ಷರವಲ್ಲ. ತನ್ನ ಕಾಲಿನ ಮೇಲೆ ತಾನು ನಡೆದು ಹೋಗಿ, ತಾನೇ ಮನೆಗೆ ಬರುವುದನ್ನು ಅದು ಮೊದಲು ಕಲಿಯುವುದು ಊರಶಾಲೆಯಿಂದ. ಅಷ್ಟು ಸ್ವಾತಂತ್ರ್ಯ ಏಳು ವರ್ಷದ ಹುಡುಗಿಗೂ ಸಿಗಲಿ, ಅವಳ ಅಕ್ಕನ ಓದೂ ನಿಲ್ಲದಿರಲಿ.

ಈ ಜೂನ್ ತಿಂಗಳಲ್ಲಿ ನಿಮ್ಮ ಊರಿನ ಎಸ್.ಡಿ.ಎಂ.ಸಿ. ಸಭೆ ಯಾವತ್ತು ಎಂದು ಇಂದೇ ವಿಚಾರಿಸಿಕೊಳ್ಳಿ. ಆ ದಿನ ಸಾರು ಸ್ವಲ್ಪ ಮುಂಚೆಯೇ ಇಳಿಸಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ ಸಂಕೋಚ, ನಾಲ್ವರು ಹೋದರೆ ಧೈರ್ಯ.